ಬಾಟಲಿಯ ಕೊರಳು ತೊಟ್ಟ ಕಿರುಬೆರಳು

ಮೊದಲ ಕಚೇರಿಯಲ್ಲಿ ಭಾರೀ ಚಪ್ಪಾಳೆ ಪಡೆದು ಬಂದ ಚೆನ್ನವೀರ ತನ್ನ ವೀಣೆಯ ಗುರುಗಳಿಗೆ ನಮಸ್ಕರಿಸಿ ಕೇಳಿದ: "ಗುರುಗಳೇ, ಹೆಮ್ಮೆ ಯಾವುದು, ಅಹಂಕಾರ ಯಾವುದು ಎಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು:

ಅಮೆರಿಕದ ದಕ್ಷಿಣದಲ್ಲಿ ಹತ್ತಿ ಬಿಡಿಸುವ ಕೂಲಿಯೊಬ್ಬನಿದ್ದ. ದುಡಿದು ದಣಿದವರು ತಮ್ಮ ಸಂಕಟ ಹಾಡಿಕೊಳ್ಳುವ ಬ್ಲೂಸ್ ಎಂಬ ಸಂಗೀತ ಅಲ್ಲಿಯದು. ಅದನ್ನು ಅವನು ಗಿಟಾರಿನಲ್ಲಿ ನುಡಿಸುತ್ತಿದ್ದ. ಇಪ್ಪತ್ತೆರಡರ ಪ್ರಾಯದಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರಕ್ಕೆ ಅವನ ಎಡಗೈ ಸಿಕ್ಕಿತು. ಮೂರು ಬೆರಳು ಸೆಟೆದುಕೊಂಡವು. ಕಿರುಬೆರಳು ಮಾತ್ರ ಮಾತು ಕೇಳುತ್ತಿತ್ತು.

ಒಂದು ವರ್ಷ ಗಿಟಾರು ಗೋಡೆಯ ಮೇಲೇ ಇತ್ತು. ಒಂದು ದಿನ ಅವನ ಹೆಂಡತಿ ಅದನ್ನು ಇಳಿಸಿ ಅವನ ಮಡಿಲಲ್ಲಿಟ್ಟಳು. "ಇನ್ನೂ ಎಷ್ಟು ದಿನ ಹೀಗೆ ಮೂಗನಾಗಿ ಇರುತ್ತೀ?" ಎಂದಳು.

ಅವನು ಒಡೆದ ಬಾಟಲಿಯ ಕೊರಳನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ. ಕಿರುಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿದ. ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತಿದ್ದ ಸ್ವರ ಈಗ ನಡುವಿನ ದಾರಿಯನ್ನೆಲ್ಲ ಮುಟ್ಟಿಕೊಂಡು ಹೋಯಿತು, ನಮ್ಮ ಗಮಕದ ಹಾಗೆ. ಹೊಲದವರು ಕೆಲಸ ನಿಲ್ಲಿಸಿ ಕೇಳಿದರು.

ಸುದ್ದಿ ಪಟ್ಟಣ ಮುಟ್ಟಿತು. ಗ್ರಾಮಫೋನ್ ತಟ್ಟೆ ಮಾಡಿಸುವ ವ್ಯಾಪಾರಿಯೊಬ್ಬ ಅವನನ್ನು ಕರೆಸಿದ. "ಕಂಠ ಚೆನ್ನಾಗಿದೆ. ನೀನು ಹಾಡು. ಗಿಟಾರನ್ನು ಬೆರಳು ನೆಟ್ಟಗಿರುವವನು ನುಡಿಸಲಿ" ಎಂದ.

"ಸ್ವಾಮಿ, ಕಂಠ ಹುಟ್ಟಿನಿಂದಲೇ ಬಂತು. ಈ ಕೈಗೆ ನಾನೇ ಕಲಿಸಿದ್ದೇನೆ. ಇದನ್ನು ಹೊರಗೆ ನಿಲ್ಲಿಸಿ ನಾನೊಬ್ಬನೇ ಒಳಗೆ ಬರಲಾರೆ."

ಹಾಗೆಂದು ಊರಿಗೆ ಮರಳಿದ. ಮೂವತ್ತು ವರ್ಷ ಲಾರಿ ಓಡಿಸಿದ. ಪ್ರತಿ ಶನಿವಾರ ಸಂಜೆ ಮನೆಯ ಮುಂದೆ ಕುಳಿತು ನುಡಿಸಿದ. ಬೇಸರ ಬಂದ ದಿನಗಳೂ ಇದ್ದವು. ಆಗಲೂ ನುಡಿಸಿದ.

ಕೂದಲು ಬೆಳ್ಳಗಾದ ಮೇಲೆ ದೊಡ್ಡ ನಗರದ ಸಂಗೀತ ಸಭೆಯೊಂದು ಅವನನ್ನು ಕರೆಯಿತು. ಸಭೆಯ ಮುಖ್ಯಸ್ಥ ಮರುಕದಿಂದ ಪರಿಚಯಿಸಿದ: "ಪಾಪ, ಕೈ ಕಳೆದುಕೊಂಡವರು. ಮೂವತ್ತು ವರ್ಷ ಯಾರೂ ಇವರನ್ನು ಕೇಳಲಿಲ್ಲ. ನೀವಾದರೂ ಕರುಣೆಯಿಟ್ಟು ಕೇಳಿ."

ಮುದುಕ ಎದ್ದ. ತಲೆಯೆತ್ತಿ ಸಭೆಯನ್ನು ನೋಡಿದ. "ಯಾರೂ ಕೇಳಲಿಲ್ಲವೇ? ಪ್ರತಿ ಶನಿವಾರ ನಲವತ್ತು ಜನ ಕೇಳಿದ್ದಾರೆ. ನಿಮ್ಮ ಊರಿನವರು ಬಂದಿರಲಿಲ್ಲ, ಅಷ್ಟೇ" ಎಂದ. ಕುಳಿತು ನುಡಿಸಿದ.

ಮುಗಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದೆ ಅವನ ತಟ್ಟೆಗಳು ಬಂದವು. ದೇಶದೇಶ ಸುತ್ತಿದ. ಯಾವ ತಟ್ಟೆಯ ಹೊದಿಕೆಯ ಮೇಲೂ ಅವನ ಮುಖವಿರಲಿಲ್ಲ, ಎಲ್ಲದರ ಮೇಲೂ ಆ ಎಡಗೈ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮುಖ ಅರಳಿತ್ತು. "ಹಾಗಾದರೆ ಗುರುಗಳೇ, ಅಷ್ಟು ದೊಡ್ಡ ಸಭೆ ಚಪ್ಪಾಳೆ ತಟ್ಟಿದ ಮೇಲೆ ಹೆಮ್ಮೆಪಡುವುದು ತಪ್ಪಲ್ಲ, ಅಲ್ಲವೇ?"

"ಅವನು ತಲೆಯೆತ್ತಿದ್ದು ಚಪ್ಪಾಳೆಗೆ ಮೊದಲು, ಚೆನ್ನವೀರ. ನೀನು ಯಾವಾಗ ಎತ್ತಿದೆ?"