ಗಾಲಿಮನೆಯ ನಟ್ಟು

ಬನ್ನಿ, ಹತ್ತಿರ ಸರಿದು ಕೂತುಕೊಳ್ಳಿ. ಕಾಲು ಚಾಚುವವರು ಚಾಚಿಕೊಳ್ಳಿ, ಕಿವಿ ಮಾತ್ರ ಇತ್ತ ಇರಲಿ.

ನಿರ್ವಾಣಜ್ಜ ಅಂತ ಒಬ್ಬ ಗುರುಗಳಿದ್ದರು. ಮಠವಿಲ್ಲ, ಮಾನ್ಯವಿಲ್ಲ. ಜೀಪಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯೇ ಅವರ ಆಶ್ರಮ. ಇವತ್ತು ಈ ಊರು, ನಾಳೆ ಇನ್ನೊಂದು.

ಜೀಪು ಓಡಿಸುವವನು ಶಿಷ್ಯ ತೋಂಟಪ್ಪ. ಗಾಲಿಮನೆಯೊಳಗೆ ಅವನ ಹಡೆದವ್ವ ಫಕೀರವ್ವ. ನಡೆಯಲು ಬಾರದು. ಹೊಳೆಯ ನೀರಲ್ಲಿ ಒಮ್ಮೆ ಕಾಲಿಡಬೇಕು ಅನ್ನುವುದೊಂದೇ ಅವಳ ಆಸೆ.

ಅವತ್ತು ಹೊರಡುವ ಹೊತ್ತಿಗೆ ಗಾಲಿಮನೆಯ ಒಂದು ಗಾಲಿ ಪಂಕ್ಚರ್. ತೋಂಟಪ್ಪ ಬೇರೆ ಗಾಲಿ ಹಾಕಿದ. ಪಾನ, ಅಂದರೆ ಸ್ಪ್ಯಾನರ್, ಹಿಡಿದು ನಟ್ಟು ಬಿಗಿದ. ಸಾಲದು ಅಂತ ಪಾನದ ಮೇಲೆ ಹತ್ತಿ ನಿಂತು ಬಿಗಿದ.

ಊರು ದಾಟಿ ಸ್ವಲ್ಪ ದೂರ ಬಂದ ಮೇಲೆ ಗುರುಗಳು ಅಂದರು, "ತಮ್ಮಾ, ನಿಂದರಸು. ನಟ್ಟಿಗೆ ಇನ್ನೊಮ್ಮೆ ಪಾನ ಹಚ್ಚಿ ನೋಡು."

ತೋಂಟಪ್ಪ ಜೀಪು ನಿಲ್ಲಿಸಿದ. ಇಳಿಯಲಿಲ್ಲ.

"ಅಜ್ಜಾರ, ಮೈಭಾರ ಎಲ್ಲಾ ಹಾಕಿ ಬಿಗದೇನ್ರಿ. ಆನಿ ಬಂದು ಜಗ್ಗಿದರೂ ಸಡಲಂಗಿಲ್ಲ."

"ನೋಡಿದರ ಏನ ಹೋಗತೈತಿ?"

"ನನ್ನ ಕೈಮ್ಯಾಲೆ ನಂಬಿಕಿ ಇಲ್ಲೇನ್ರಿ?"

ಹಿಂದಿನಿಂದ ಫಕೀರವ್ವ ಕೂಗಿದಳು, "ನಿಮ್ಮ ಮಾತು ಮುಗಿಯೂದರಾಗ ಹೊಳಿ ಬತ್ತಿ ಹೋಗತೈತಿ, ನಡೀರೋ!"

ಗುರುಗಳು ನಕ್ಕರು. ಜೀಪಿನಿಂದ ಇಳಿದರು.

"ನಂಬಿಕಿ ಐತಿ ತಮ್ಮಾ. ಅದಕ್ಕ ನಾನೂ ಅವ್ವನ ಹತ್ರ ಕುಂದರತೇನಿ. ನೀ ನಡಿ."

ಹೋಗಿ ಗಾಲಿಮನೆಯೊಳಗೆ ಕೂತರು.

ತೋಂಟಪ್ಪ ಜೀಪು ಬಿಟ್ಟ. ಪಕ್ಕದ ಸೀಟು ಖಾಲಿ. ಕನ್ನಡಿಯಲ್ಲಿ ನೋಡಿದರೆ ಕಿಟಕಿಯಲ್ಲಿ ಎರಡು ಬಿಳಿ ತಲೆ, ರಸ್ತೆ ಅಲ್ಲಾಡಿಸಿದಂತೆ ಅಲ್ಲಾಡುತ್ತಿವೆ. ಮುಂದೆ ಇಳಿಜಾರು. ಅದರ ಕೆಳಗೆ ಹೊಳೆಯ ಸೇತುವೆ.

ಇಳಿಜಾರು ಬರುವ ಮೊದಲೇ ಅವನ ಕಾಲು ತಾನಾಗಿ ಬ್ರೇಕ್ ಒತ್ತಿತು.

ಇಳಿದು ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಮೊದಲ ನಟ್ಟು ಬೆರಳಿಗೇ ತಿರುಗಿತು. ಎರಡನೆಯದೂ ತಿರುಗಿತು. ಪಾಪ, ಅಲ್ಲೇ ಮಣ್ಣಲ್ಲಿ ಕುಸಿದು ಅತ್ತುಬಿಟ್ಟ.

ಗುರುಗಳು ಇಳಿದು ಬಂದು ಅವನ ಪಕ್ಕದಲ್ಲಿ ಕೂತರು. ಬೆನ್ನು ಸವರಿದರು.

"ಬಿಗದದ್ದು ಸುಳ್ಳಲ್ಲರಿ ಅಜ್ಜಾರ."

"ಸುಳ್ಳಂತ ಯಾರಂದ್ರು? ಖರೇನ ಬಿಗದಿದ್ದಿ. ಆದರ ಆಗ ಗಾಲಿ ನಿಂತಿತ್ತು. ಓಡಿದ ಮ್ಯಾಲೆ ನಟ್ಟು ಸಡಲತಾವ."

ಪಾನ ಎತ್ತಿ ಅವನ ಕೈಗೆ ಕೊಟ್ಟರು. ಒಂದು ನಟ್ಟು ಬಿಗಿದ ಮೇಲೆ ಅದರ ಎದುರಿನದನ್ನು ತೋರಿಸಿದರು. ತೋಂಟಪ್ಪ ಮೂಗು ಒರೆಸಿಕೊಳ್ಳುತ್ತ ಬಿಗಿದ. ಮತ್ತೆ ಸ್ವಲ್ಪ ದೂರ ಹೋಗಿ, ಯಾರೂ ಹೇಳದೆ, ತಾನೇ ನಿಲ್ಲಿಸಿ ನೋಡಿದ.

ಫಕೀರವ್ವ ಹೊಳೆ ಕಂಡಳು. ಮಗನ ಹೆಗಲ ಮೇಲೆ ಕೂತು ನೀರಿಗಿಳಿದಳು, "ಥಂಡಿ ಐತೋ!" ಅಂತ ಮಗುವಿನ ಹಾಗೆ ನಕ್ಕಳು. ಆಮೇಲೆ ಒಂದು ಬೇಸಿಗೆಯಲ್ಲಿ ನಿದ್ದೆಯಲ್ಲೇ ಹೋದಳು.

ಗುರುಗಳಿಗೂ ವಯಸ್ಸಾಯಿತು. ಒಂದು ಹೊಳೆದಂಡೆಯ ಮರದ ಕೆಳಗೆ ಕೂತವರು ಮತ್ತೆ ಹೊರಡಲಿಲ್ಲ. ಗಾಲಿಮನೆಯನ್ನು ತೋಂಟಪ್ಪನಿಗೆ ಕೊಟ್ಟರು. ಈಗ ಊರೂರಿನ ಜನ ಅವನನ್ನೇ ಅಜ್ಜಾರು ಅಂತ ಕರೆಯುತ್ತಾರೆ.

ಗಾಲಿಮನೆ ಕಟ್ಟಿಕೊಂಡು ಒಬ್ಬನೇ ಹೊರಡುವ ದಿನ ಅವನು ಗುರುಗಳ ಪಾದ ಹಿಡಿದು ಹೇಳಿದ್ದ, "ಅಜ್ಜಾರ, ನಿಮ್ಮ ದಯಾದಿಂದ ಮನಸು ಗಟ್ಟಿ ಆಗೇತ್ರಿ. ಇನ್ನ ಸಡಲಂಗಿಲ್ಲ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಸ್ವಲ್ಪ ದೂರ ಹೋಗು ತಮ್ಮಾ. ಆಮ್ಯಾಲೆ ಇಳದು ನೋಡು."