ತಪ್ಪಿದ ಚೆಂಡು ಎಲ್ಲಿಗೆ ಹೋಯಿತು

ಹೊಳೆ ದಂಡೆಯಲ್ಲಿ ಒಂದು ಸಿಮೆಂಟ್ ಅಂಕಣ, ಎರಡು ಕಂಬ, ಎರಡು ರಿಂಗ್, ನೆರಳಿಗೊಂದು ಹೊಂಗೆ ಮರ. ಚೆಲುವಯ್ಯ ಮೇಷ್ಟ್ರ ಆಶ್ರಮ ಅಂದರೆ ಇಷ್ಟೇ. ಧ್ಯಾನ ಗೀನ ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ಬಂದು ಬಾಸ್ಕೆಟ್‌ಬಾಲ್ ಆಡಬೇಕು.

ವಿಶ್ವವಿದ್ಯಾಲಯದ ಹುಡುಗಿಯರ ತಂಡವನ್ನು ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ತಯಾರು ಮಾಡುತ್ತಿದ್ದರು. ಮಾತು ಕಮ್ಮಿ. ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವೆಲ್.

ಒಂದು ಬೆಳಿಗ್ಗೆ ಶಿಷ್ಯೆ ಸಿಂಚನಾ ಬಂದು ತನ್ನ ಏಳನೇ ನಂಬರಿನ ಜರ್ಸಿಯನ್ನು ಅವರ ಪಕ್ಕ ಕಲ್ಲುಬೆಂಚಿನ ಮೇಲೆ ಇಟ್ಟಳು.

"ಈ ಸಲ ನಾನು ಆಡಲ್ಲ ಸಾರ್."

"ಯಾಕವ್ವಾ?"

"ಯಾಕೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು! ಇಡೀ ಕ್ಯಾಂಪಸ್ಸಿಗೇ ಗೊತ್ತಿತ್ತು.

ಹೋದ ವರ್ಷ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಲೀಗ್‌ನಲ್ಲಿ ಇವರ ತಂಡ ಮೊದಲ ಸಲ ಕ್ವಾರ್ಟರ್ ಫೈನಲ್ ತನಕ ಹೋಗಿತ್ತು. ಆಟ ಮುಗಿಯೋಕೆ ನಾಲ್ಕೇ ಸೆಕೆಂಡ್ ಇರುವಾಗ ಇವರು ಎರಡು ಪಾಯಿಂಟ್ ಹಿಂದೆ. ಆಗ ಸಿಂಚನಾಗೆ ಎರಡು ಫ್ರೀ ಥ್ರೋ ಸಿಕ್ಕವು. ಅಂದರೆ ಗೆರೆಯ ಹಿಂದೆ ಒಬ್ಬಳೇ ನಿಂತು ರಿಂಗಿಗೆ ಎಸೆಯೋದು, ಯಾರೂ ಅಡ್ಡ ಬರೋ ಹಾಗಿಲ್ಲ, ಬಿದ್ದರೆ ಒಂದೊಂದು ಪಾಯಿಂಟ್. ಮೊದಲನೆಯದು ಬಿತ್ತು. ಎರಡನೆಯದು ರಿಂಗಿಗೆ ಬಡಿದು ಆಚೆ ಹೋಯಿತು. ಒಂದೇ ಒಂದು ಪಾಯಿಂಟಿನಿಂದ ಸೋತರು.

ವಾಪಸ್ ಬರುವಾಗ ಎರಡು ದಿನದ ರೈಲು. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಪಾಪ, ಅದನ್ನೇ ಅವಳಿಗೆ ತಡೆಯೋಕಾಗಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು.

ಈ ವರ್ಷ ಅವಳದು ಕೊನೆಯ ವರ್ಷ. ಮತ್ತೆ ಆ ಗೆರೆಯ ಹಿಂದೆ ನಿಲ್ಲೋ ಧೈರ್ಯ ಅವಳಿಗೆ ಉಳಿದಿರಲಿಲ್ಲ.

ಮೇಷ್ಟ್ರು ಜರ್ಸಿಯನ್ನು ಮುಟ್ಟಲಿಲ್ಲ.

"ಆ ಬಾಲು ರಿಂಗಿಗೆ ಬಡೀತಲ್ಲ. ಆಮೇಲೆ ಎಲ್ಲೋಯ್ತು?"

"ಎಲ್ಲೋದ್ರೆ ಏನು ಸಾರ್? ಸೋತ್ವಲ್ಲ."

"ಎಲ್ಲೋಯ್ತು ಅಂತ ತಿಳ್ಕೊಂಡು ಬಾ. ಆಮೇಲೆ ಜರ್ಸಿ ಇಸ್ಕೋತೀನಿ."

ಇದೊಳ್ಳೆ ಕಥೆಯಾಯಿತಲ್ಲ ಅಂತ ಅವಳು ಜರ್ಸಿ ಎತ್ತಿಕೊಂಡು ಹೋದಳು. ಎರಡು ದಿನ ತಲೆ ಕೆಡಿಸಿಕೊಂಡಳು. ಗುರುಗಳು ಕೇಳಿದ್ದಾರೆ ಅಂದ ಮೇಲೆ ಒಳಗೇನೋ ದೊಡ್ಡ ಅರ್ಥ ಇರಲೇಬೇಕಲ್ಲ!

ಮೂರನೇ ದಿನ ಬಂದು ಕಣ್ಣು ಅರ್ಧ ಮುಚ್ಚಿ ಹೇಳಿದಳು.

"ಸಾರ್, ಬಾಲು ಎಲ್ಲೂ ಹೋಗಿಲ್ಲ. ಅದು ನನ್ನ ಮನಸ್ಸಿನೊಳಗೇ ಇದೆ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ.

"ಎಲಾ ಇವಳಾ! ಸ್ವಾಮಿಗಳ ಥರ ಮಾತಾಡಬೇಡ ಕಣವ್ವಾ. ಅದು ರಬ್ಬರ್ ಬಾಲು. ಎಲ್ಲೋಯ್ತು?"

ಸಿಂಚನಾಗೆ ಮೈಯೆಲ್ಲ ಉರಿಯಿತು. ನೇರ ಹಾಸ್ಟೆಲಿಗೆ ಹೋಗಿ ದೇಚಮ್ಮನನ್ನು ಹಿಡಿದಳು. ದೇಚಮ್ಮ ತಂಡದಲ್ಲೇ ಎತ್ತರದವಳು. ಆವತ್ತು ರಿಂಗಿನ ಹತ್ತಿರವೇ ನಿಂತಿದ್ದವಳು.

"ನಾನು ತಪ್ಪಿಸಿದ್ನಲ್ಲ, ಆ ಬಾಲು ಎಲ್ಲೋಯ್ತೇ?"

ದೇಚಮ್ಮ ಅವಳ ಮುಖವನ್ನೇ ನೋಡಿದಳು.

"ಒಂದು ವರ್ಷ ಬೇಕಾಯ್ತಾ ಇದನ್ನ ಕೇಳೋಕೆ? ನಾನು ಎಷ್ಟು ಕೂಗ್ದೆ ಗೊತ್ತಾ ನಿನ್ನ ಹೆಸರು ಹಿಡ್ಕೊಂಡು!"

"ಬೈದ್ಯಾ?"

"ಬೈಯೋದ್ಯಾಕೆ? ಕರೆದೆ."

ಲೀಗಿನವರು ಆಟವನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದರು. ಸಿಂಚನಾ ಒಂದು ವರ್ಷದಿಂದ ಅದನ್ನು ತೆರೆದಿರಲಿಲ್ಲ. ದೇಚಮ್ಮ ತನ್ನ ಮೊಬೈಲಿನಲ್ಲಿ ಹುಡುಕಿ, ಕೊನೆಯ ನಾಲ್ಕು ಸೆಕೆಂಡಿಗೆ ತಂದು, ಅವಳ ಕೈಗೆ ಕೊಟ್ಟಳು.

ಚೆಂಡು ರಿಂಗಿಗೆ ಬಡಿದು ಮೇಲೆ ಹಾರಿತು. ಕೊನೆಯ ಎಸೆತ ತಪ್ಪಿದರೆ ಆಟ ನಿಲ್ಲೋದಿಲ್ಲ, ಚೆಂಡು ಹಿಡಿದವರದು. ಹಾರಿದ್ದು ನೇರ ಸಿಂಚನಾ ಕಡೆಗೇ ಬಂತು. ಅವಳ ಕಾಲಿಂದ ಒಂದು ಮಾರು ದೂರದಲ್ಲಿ ಪುಟಿಯಿತು. ಅಲ್ಲೇ ಇನ್ನೊಂದು ಸಲ ಪುಟಿಯಿತು. ದೇಚಮ್ಮ ಬಾಯಿ ಬಿಟ್ಟು ಕೂಗುತ್ತಿದ್ದಳು. ಗೆಳತಿ ಫರ್ಹಾನಾ ರಿಂಗಿನ ಕೆಳಗೆ ಒಬ್ಬಳೇ, ಸುತ್ತ ಯಾರೂ ಇಲ್ಲದೆ, ಕೈ ಎತ್ತಿ ನಿಂತಿದ್ದಳು.

ಸಿಂಚನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಎದುರಾಳಿ ಹುಡುಗಿ ನಿಧಾನಕ್ಕೆ ಬಂದು ಚೆಂಡು ಎತ್ತಿಕೊಂಡಳು. ಆಟ ಮುಗಿಯಿತು.

ಮಾರನೇ ಬೆಳಿಗ್ಗೆ ಅವಳು ಅಂಕಣಕ್ಕೆ ಬಂದಾಗ ಕಣ್ಣು ಊದಿತ್ತು.

"ಒಂದು ಮಾರು ದೂರ ಸಾರ್. ನನ್ನ ಕಾಲ ಹತ್ರಾನೇ ಬಿತ್ತು."

"ಹೌದಾ!" ಮೇಷ್ಟ್ರು ಎದ್ದು ನಿಂತರು. "ಅಷ್ಟು ಹತ್ರಾನಾ?"

"ನೀವು ಕೇಳ್ದೇ ಇದ್ದಿದ್ರೆ ಒಂದೇ ತಪ್ಪು ಇರ್ತಿತ್ತು. ಈಗ ಎರಡಾಯ್ತು. ಯಾಕ್ ಸಾರ್ ಕೇಳಿದ್ರಿ?"

ಮೇಷ್ಟ್ರು ಮತ್ತೆ ಕೂತು ಟವೆಲ್ಲಿನ ತುದಿ ತಿರುಚಿದರು.

"ಮೊದಲನೇ ತಪ್ಪಿಗೆ ನನ್ನ ಹತ್ರ ಮದ್ದಿಲ್ಲ ಕಣವ್ವಾ. ಬಾಲು ಒಂದೊಂದ್ಸಲ ಬೀಳಲ್ಲ. ಎರಡನೇದಕ್ಕೆ ಇದೆ. ಹೋಗು, ಗೆರೆ ಹಿಂದೆ ನಿಂತ್ಕೊ. ಬೇಕೂಂತ ತಪ್ಪಿಸು."

"ತಪ್ಪಿಸ್ಬೇಕಾ?"

"ತಪ್ಪಿಸು. ಬಾಲು ನೆಲಕ್ಕೆ ಬೀಳೋಕೆ ಮುಂಚೆ ಹಿಡ್ಕೊ."

ಅವಳು ಎಸೆದಳು. ಚೆಂಡು ರಿಂಗಿಗೆ ತಾಗಿ ಬಲಕ್ಕೆ ಹಾರಿತು. ಅವಳು ಓಡೋದರೊಳಗೆ ನೆಲಕ್ಕೆ ಬಿತ್ತು.

"ಎಲ್ಲೋಯ್ತು?"

"ಬಲಕ್ಕೆ ಸಾರ್."

"ಮತ್ತೆ ಎಸಿ."

ದಿನಕ್ಕೆ ನೂರು ಸಲ. ಮೊದಮೊದಲು ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಊರಲ್ಲೆಲ್ಲ ಬಾಲು ಹಾಕೋದು ಕಲಿಸಿದರೆ ನಮ್ಮ ಮೇಷ್ಟ್ರು ತಪ್ಪಿಸೋದು ಕಲಿಸುತ್ತಾರೆ ಅಂತ ಫರ್ಹಾನಾ ರೇಗಿಸಿದಳು. ಒಂದು ವಾರಕ್ಕೆ ಫರ್ಹಾನಾಳೇ ರಿಂಗಿನ ಕೆಳಗೆ ಬಂದು ಕೈ ಎತ್ತಿ ನಿಲ್ಲತೊಡಗಿದಳು. ಯಾರೂ ಹೇಳಿರಲಿಲ್ಲ.

ಚೆಂಡು ಒಂದು ಸಲ ಹೊಳೆಗೇ ಉರುಳಿತು. ಸಿಂಚನಾ ಸೊಂಟದ ತನಕ ನೀರಿಗಿಳಿದು ತಂದಳು. ಒದ್ದೆಯಾಗಿ ನಗುತ್ತಾ ಬಂದಳು. ಒಂದು ವರ್ಷದ ಮೇಲೆ ಅವಳು ಅಂಕಣದಲ್ಲಿ ನಕ್ಕಿದ್ದು ಅವತ್ತೇ.

"ಹಾಕೋದು ಯಾವಾಗ ಕಲಿಸ್ತೀರಿ ಸಾರ್?" ಒಂದು ದಿನ ಕೇಳಿದಳು.

"ಹಾಕೋದು ನಿಂಗೆ ಗೊತ್ತು. ಅದಕ್ಕೆ ನಾನ್ಯಾಕೆ?"

ಜರ್ಸಿ ಅವಳ ಚೀಲದಲ್ಲೇ ಇತ್ತು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಲೀಗ್ ಬಂತು. ಮತ್ತೆ ಎರಡು ದಿನದ ರೈಲು, ಗೊತ್ತಿಲ್ಲದ ಊರು, ಬಾಯಿಗೆ ಹಿಡಿಸದ ಊಟ. ಈ ಸಲವೂ ಕ್ವಾರ್ಟರ್ ಫೈನಲ್ ತನಕ ಬಂದರು. ಈ ಸಲವೂ ಆಟ ಜಿದ್ದಿಗೆ ಬಿತ್ತು.

ಆರು ಸೆಕೆಂಡ್ ಉಳಿದಿತ್ತು. ಒಂದು ಪಾಯಿಂಟ್ ಹಿಂದಿದ್ದರು. ಸಿಂಚನಾಳನ್ನು ಎದುರಾಳಿ ಹುಡುಗಿ ಕೈ ಹಿಡಿದು ಎಳೆದಳು, ರೆಫರಿ ಸೀಟಿ ಊದಿದರು. ಎರಡು ಫ್ರೀ ಥ್ರೋ.

ದೇವರೇ, ಇವಳಿಗೇ ಯಾಕಪ್ಪ ಮತ್ತೆ!

ಸಿಂಚನಾ ಗೆರೆಯ ಹಿಂದೆ ನಿಂತಳು. ಮೊದಲನೆಯದು ಎಸೆದಳು. ರಿಂಗಿನ ಅಂಚಿಗೆ ತಾಗಿ ಆಚೆ ಬಿತ್ತು. ಜನ 'ಅಯ್ಯೋ' ಅಂದರು. ರೆಫರಿ ಚೆಂಡನ್ನು ಮತ್ತೆ ಅವಳ ಕೈಗೆ ಕೊಟ್ಟರು.

ಎರಡನೆಯದು. ಇದನ್ನು ಹಾಕಿದರೆ ಸರಿಸಮ. ಅವಳು ಉಸಿರು ಬಿಟ್ಟು ಎಸೆದಳು.

ಅದೂ ತಪ್ಪಿತು.

ಅವಳ ಕೈ ಮುಖದ ಕಡೆ ಹೊರಟಿದ್ದು ನಿಜ. ಎದೆ ತನಕ ಬಂತು. ಅಷ್ಟರಲ್ಲಿ ಕಾಲು ಓಡಿಯಾಗಿತ್ತು.

ಚೆಂಡು ಎಡಕ್ಕೆ, ಮೂಲೆಯ ಕಡೆ ಹಾರಿತ್ತು. ಇನ್ನೇನು ಅಂಕಣದ ಗೆರೆ ದಾಟಬೇಕು, ಸಿಂಚನಾ ಜಿಗಿದಳು. ಗಾಳಿಯಲ್ಲೇ ಹಿಡಿದು, ತಿರುಗಿಯೂ ನೋಡದೆ ರಿಂಗಿನ ಕೆಳಗೆ ಎಸೆದು, ತಾನು ಮೊಣಕೈ ಊರಿ ಆಚೆ ಬಿದ್ದಳು. ನೋಡೋದೇನಿದೆ? ಫರ್ಹಾನಾ ಅಲ್ಲಿ ಕೈ ಎತ್ತಿ ನಿಂತೇ ಇದ್ದಳು. ಹಿಡಿದಳು, ಹಾಕಿದಳು, ಎರಡು ಪಾಯಿಂಟ್.

ಆಟ ಮುಗಿದ ಗಂಟೆ ಹೊಡೆಯಿತು. ಒಂದೇ ಒಂದು ಪಾಯಿಂಟಿನಿಂದ ಗೆದ್ದಿದ್ದರು. ದೇಚಮ್ಮ ಬಂದು ಸಿಂಚನಾಳನ್ನು ಮಗುವಿನ ಹಾಗೆ ಎತ್ತಿಕೊಂಡಳು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು, ಕಿರುಚಿದರು, ಮತ್ತೆ ಅತ್ತರು.

ಸಿಂಚನಾ ಬಿಡಿಸಿಕೊಂಡು ಗುರುಗಳ ಹತ್ತಿರ ಓಡಿದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅವಳಿಗೆ ಅದರ ಪರಿವೆಯೇ ಇಲ್ಲ.

"ಸಾರ್! ಎರಡೂ ತಪ್ಪಿತು ಸಾರ್! ಆದರೂ ನೋಡಿದ್ರಾ?"

ಚೆಲುವಯ್ಯ ಮೇಷ್ಟ್ರು ಬೆಂಚಿನ ಮೇಲೆ ಬಗ್ಗಿ ಕೂತಿದ್ದರು. ಕೆಂಪಂಚಿನ ಟವೆಲ್ಲು ತಲೆಯಿಂದ ಗದ್ದದ ತನಕ ಮುಖವನ್ನೆಲ್ಲ ಮುಚ್ಚಿತ್ತು. ಅದರ ಮೇಲೆ ಎರಡೂ ಕೈ ಬಿಗಿಯಾಗಿ ಒತ್ತಿ ಹಿಡಿದಿದ್ದರು.

ಸಿಂಚನಾ ಅವರ ಮುಂದೆ ಮಂಡಿಯೂರಿ, ಕೈ ಸರಿಸಿ, ಮೆಲ್ಲಗೆ ಟವೆಲ್ ತೆಗೆದಳು. ಮೇಷ್ಟ್ರ ಕಣ್ಣು ಇನ್ನೂ ಮುಚ್ಚಿಯೇ ಇತ್ತು, ರೆಪ್ಪೆ ಒದ್ದೆಯಾಗಿತ್ತು.

"ಸಾರ್, ನೀವು ನೋಡ್ಲೇ ಇಲ್ವಾ?"

"ಹೋದ ವರ್ಷಾನೂ ನೋಡಿರ್ಲಿಲ್ಲ ಕಣವ್ವಾ, ಅದಕ್ಕೇ ನಿನ್ನ ಕೇಳಿದ್ದು," ಅಂದರು ಮೇಷ್ಟ್ರು. "ಹೇಳು, ಬಾಲು ಎಲ್ಲೋಯ್ತು?"