ಬೊಮ್ಮನಾಯ್ಕನ ಕಣ್ಣು ಬಿಡಿಸಿದ ಮೋನಪ್ಪ

ಬಾಳ ಹಿಂದಕ್ಕ, ಹಳ್ಳದ ದಂಡಿಮ್ಯಾಲೆ ಕುಂಟಗಲ್ಲು ಅಂತ ಒಂದೂರು. ನಮ್ಮೂರೇ ಅದು, ಮತ್ಯಾವುದೂ ಅಲ್ಲ. ಅಲ್ಲಿ ಮೋನಪ್ಪ ಅಂತ ಒಬ್ಬ ಕಲ್ಕುಟಿಗ ಇದ್ದ. ಅವ ಕಲ್ಲಾಗ ಎತ್ತು ಕೆತ್ತಿದ್ರ ಮಂದಿ ಅದರ ಮುಂದ ಮೇವು ಹಾಕಿ ಹೋಗತಿದ್ರಂತ. ಈಗಿನೋರೂ ಕೆತ್ತತಾರ, ಎತ್ತೋ ಎಮ್ಮಿಯೋ ಗೊತ್ತಾಗಂಗಿಲ್ಲ.

ಅವನಿಗಿಂತ ಮೊದಲು ಊರಿಗೊಬ್ಬ ಸರದಾರ ಇದ್ದ, ಬೊಮ್ಮನಾಯ್ಕ. ಅರವತ್ತು ಕುದುರಿ ಅವನ ಹಿಂದ ಓಡತಿದ್ವಂತ. ಬರ ಬಿದ್ದ ವರ್ಷ ಊರಾಗ ಒಂದು ಒಲಿ ಆರಗೊಡಲಿಲ್ಲಂತ, ಮನಿಮನಿಗೆ ಜ್ವಾಳ ತಂದು ಸುರುವಿದನಂತ. ಆ ಜ್ವಾಳ ಎಲ್ಲಿದು? ಹಳ್ಳದ ಆಚಿ ನವಣಿಹಾಳದೋರು ನೆಲದಾಗ ಹಗೇವು ತೋಡಿ ಕಾಳು ತುಂಬಿಟ್ಟಿದ್ರು. ಅವನ್ನ ಒಡದು ತಂದಿದ್ದ. ಈಚಿ ದಂಡಿಗೆ ದೇವರು, ಆಚಿ ದಂಡಿಗೆ ಕಳ್ಳ.

ನಾಯ್ಕ ಸತ್ತು ಎಷ್ಟೋ ವರ್ಷಕ್ಕ, ಅವನ್ನ ಕಲ್ಲಾಗ ಕೆತ್ತಿಸಿ ಊರ ಅಗಸಿ ಬಾಗಲ ಮುಂದ ಕುದುರಿಮ್ಯಾಲೆ ಕುಂದರಸೂಣು ಅಂದ ಊರಗೌಡ ಯಂಕನಗೌಡ. ಕೆತ್ತೋ ಕೈ ಇದ್ದದ್ದು ಮೋನಪ್ಪಂದೊಂದೇ. ಆದ್ರ ಮೋನಪ್ಪನ ತಾಯಿ ಹುಲಿಗೆವ್ವ ನವಣಿಹಾಳದ ಮಗಳು. ಹಗೇವು ಒಡದ ವರ್ಷ ಅಕಿ ತಮ್ಮ ಹಸದು ಅಕಿ ತೊಡಿಮ್ಯಾಲೇ ಸತ್ತಿದ್ದ.

"ಕೆತ್ತು," ಅಂದ್ಲು ಹುಲಿಗೆವ್ವ. "ಅವಂಗ ಕಣ್ಣು ಬಿಡಿಸಿದ ದಿನದಿಂದ ನಾ ನಿನ್ನ ಮನಿಯಾಗ ರೊಟ್ಟಿ ಮುಟ್ಟಾಂಗಿಲ್ಲ."

ಮೂರ್ತಿ ಕೆತ್ತೋ ಮುಂದ ಕಡೀಕ ಉಳಿ ಹಿಡಿಯೋದು ಕಣ್ಣಿಗೆ. ಕಣ್ಣು ಬಿಡದ ಮೂರ್ತಿ ಬರೇ ಕಲ್ಲು. ಕಣ್ಣು ಬಿಟ್ಟ ಕೂಡ್ಲೇ ಮೂರ್ತಿ ಏನು ನೋಡತೈತೋ ಅದನ್ನ ಎಂದೂ ಮರಿಯಂಗಿಲ್ಲಂತ. ಅದಕ್ಕ ಎದುರಿಗೆ ಕರ ಇರೋ ಆಕಳ ನಿಂದರಸತಾರ.

ಮೋನಪ್ಪ ಕುದುರಿ ಕೆತ್ತಿದ, ಕತ್ತಿ ಕೆತ್ತಿದ. ಮೀಸಿಯಂತೂ, ಎರಡು ಗಿಣಿ ಬಂದು ಕುಂದರಬೇಕು, ಅಂಥಾ ಮೀಸಿ. ಕಣ್ಣು ಮಾತ್ರ ಹಾಂಗೇ ಬಿಟ್ಟ.

"ಏನಲೇ ಮೋನ್ಯಾ, ನಾಯ್ಕ ಇನ್ನೂ ಮಲಗ್ಯಾನೇನು?" ಅಂದ ಗೌಡ.

"ಎಬ್ಬಸೋರು ಬರಬೇಕ್ರೀ ಗೌಡ್ರ."

ಮನಿಗೆ ಹೋಗಿ ತಾಯಿಗೆ ಅಂದನಂತ, "ಯವ್ವಾ, ಆಕಳ ಬ್ಯಾಡ. ನೀನೇ ಎದುರಿಗೆ ನಿಂದ್ರು. ಬರಿಗೈಲಿ ಬರಬ್ಯಾಡ."

ಹುಲಿಗೆವ್ವ ತವರಿನಾಗ ಕಾಳು ಅಳೀತಿದ್ದ ಸೇರು ಖಾಲಿನೇ ಹಿಡಕೊಂಡು ಬಂದ್ಲು. ಊರೆಲ್ಲಾ ಕೂಡಿತ್ತು. ಗೌಡ ತರಿಸಿದ್ದ ಆಕಳ ತಿರುಗಿ ಹೋತು. ಮೋನಪ್ಪ ಉಳಿ ಇಟ್ಟ, ಹೊಡದ. ನಾಯ್ಕ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಒಬ್ಬ ಮುದುಕಿ, ಅಕಿ ಕೈಯಾಗ ಬರೀ ಸೇರು.

ಮಂದಿ ಬಡಿಗಿ ಎತ್ತಿತು. ನಮ್ಮ ಸರದಾರನ ಮಾನ ಕಳದಿ ಅಂತ ಮೋನಪ್ಪನ ಮ್ಯಾಲೆ ಏರಿ ಬಂತು.

"ಅವ ನಿಮ್ಮ ಹೊಟ್ಟಿ ನೋಡಿದ್ದ," ಅಂದ ಮೋನಪ್ಪ. "ಇದೊಂದು ನೋಡಿರಲಿಲ್ಲ."

ಗೌಡ ಕೈ ಎತ್ತಿ, ಬಡಿಗಿ ಇಳಸ್ರಿ ಅಂದನಂತ. ಆಮ್ಯಾಲೆ ತಾನೇ ಮನಿಗೆ ಹೋಗಿ ಶಲ್ಯದಾಗ ಜ್ವಾಳ ಕಟಗೊಂಡು ಬಂದು ಆ ಸೇರು ತುಂಬಿಸಿದ. ಹುಲಿಗೆವ್ವ ನಾಯ್ಕನ್ನ ನೋಡಿ, "ಮೀಸಿ ಚಲೋ ಆಗೈತಿ," ಅಂದ್ಲು. ಸೇರು ತಗೊಂಡು ಹಳ್ಳ ದಾಟಿ ತವರಿಗೆ ಕೊಟ್ಟು, ಸಂಜಿಗೆ ಮಗನ ಮನಿಗೆ ಬಂದು ರೊಟ್ಟಿಗೆ ಕುಂತ್ಲು.

ಈಗಲೂ ಕಣ ಮುಗಿದ್ರ ಕುಂಟಗಲ್ಲಿನೋರು ಮೊದಲ ಸೇರು ಜ್ವಾಳ ನಾಯ್ಕನ ಕಣ್ಣಮುಂದ ಇಡತಾರ. ನವಣಿಹಾಳದ ಹೆಣಮಕ್ಕಳು ಬಂದು, "ಕಳ್ಳ" ಅಂತ ಅವನ್ನ ಹೊಟ್ಟಿತುಂಬ ಬೈದು, ಜ್ವಾಳ ತಗೋತಾರ. ನಮ್ಮೋರು ಸುಮ್ಮನ ಕೇಳತಾರ. ಹೋಗೋ ಮುಂದ ಆ ಹೆಣಮಕ್ಕಳೇ ಸೆರಗಿಲೆ ನಾಯ್ಕನ ಮೀಸಿಮ್ಯಾಗಿನ ಹಕ್ಕಿ ಹಿಕ್ಕಿ ಒರಸತಾರ. ಯಾಕಬೇ ಅಂದ್ರ, ಇದು ನಮ್ಮ ಹುಲಿಗೆವ್ವನ ಮಗನ ಕೈ ಅಂತಾರ.